ಕೃತಜ್ಞತೆಯ ಕೊನೆಯ ಸಾಲು

"ಇದು ನನ್ನ ಪುಸ್ತಕದ ಮುಖಪುಟವಾ?"

ಕೃತ್ತಿಕಾಳ ದನಿ ಸಣ್ಣದಾಗಿಯೇ ಇತ್ತು. ಮೇಡಂ ದನಿ ಇಷ್ಟು ಸಣ್ಣದಾದರೆ ಇವತ್ತು ಯಾರಿಗೋ ಗ್ರಹಚಾರ ಕಾದಿದೆ ಅಂತ ಅವಳ ಕಾಲೇಜಿನ ಹುಡುಗಿಯರಿಗೆ ಚೆನ್ನಾಗಿ ಗೊತ್ತು.

ಮೇಜಿನ ಆಚೆ ಕೂತಿದ್ದ ಯುವಕನಿಗೆ ಅದು ಗೊತ್ತಿರಲಿಲ್ಲ, ಪಾಪ. ಕೊಯಮತ್ತೂರಿನ ಆರ್.ಎಸ್. ಪುರಂನ ಆ ಪ್ರಕಾಶನ ಸಂಸ್ಥೆಗೆ ಅವನು ಸಂಪಾದಕನಾಗಿ ಸೇರಿ ಒಂದು ವಾರವಾಗಿತ್ತಷ್ಟೆ.

"ಹೌದು ಮೇಡಂ. ಹಿಂದಿನ ಸಂಪಾದಕರು ಮಾಡಿಸಿಟ್ಟು ಹೋಗಿದ್ದಾರೆ," ಅಂದ ತಮಿಳಿನಲ್ಲಿ. "ಯಾಕೆ, ಚೆನ್ನಾಗಿಲ್ವಾ?"

ಮುಖಪುಟದಲ್ಲಿ ರೇಷ್ಮೆ ಸೀರೆ ಉಟ್ಟು ತಲೆ ತುಂಬ ಮಲ್ಲಿಗೆ ಮುಡಿದ ಚೆಲುವೆಯೊಬ್ಬಳು ಚರಕದ ಮುಂದೆ ಕೂತು ನಗುತ್ತಿದ್ದಳು. ಕೃತ್ತಿಕಾ ತಮಿಳಿನಲ್ಲಿ ಬರೆದದ್ದೇನು? ಕರುಮತ್ತಂಪಟ್ಟಿ, ಸೋಮನೂರು ಕಡೆಯ ಪವರ್‌ಲೂಮ್ ಶೆಡ್ಡುಗಳಲ್ಲಿ ಪಾವು ಸೇರಿಸುವ ಹೆಂಗಸರ ಬಗ್ಗೆ. ಪಾವು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲು. ಅದು ಮುಗಿಯುತ್ತ ಬಂದಾಗ ಹೊಸ ಪಾವಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಬೆರಳಲ್ಲೇ ಹೊಸೆದು ಸೇರಿಸಬೇಕು. ಅವಳ ಅಮ್ಮ ವಳ್ಳಿಯಮ್ಮ ಮದುವೆಯಾಗಿ ಬಂದಾಗಿನಿಂದ ಮಾಡುತ್ತಿದ್ದದ್ದು ಅದೇ ಕೆಲಸ. ಆ ಪುಸ್ತಕದಲ್ಲಿ ಚರಕದ ಹೆಸರು ಒಂದು ಕಡೆಯೂ ಇರಲಿಲ್ಲ.

"ಮುಖಪುಟ ರೆಡಿಯಾಗಿದೆ. ಒಳಗಿನ ಪುಟಗಳನ್ನ ಯಾರಾದರೂ ಓದಿದ್ದಾರಾ?"

ಯುವಕ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಇನ್ನೂ ಇಲ್ಲ ಮೇಡಂ..."

ಎರಡು ವರ್ಷದಿಂದ ಅವಳ ಹಸ್ತಪ್ರತಿ ಇಲ್ಲಿ ಬಿದ್ದಿತ್ತು. ಮೇಲ್ ಕಳಿಸಿದರೆ ಉತ್ತರವಿಲ್ಲ. ಫೋನ್ ಮಾಡಿದರೆ "ಸರ್ ಮೀಟಿಂಗ್‌ನಲ್ಲಿದ್ದಾರೆ". ಮುಂದಿನ ತಿಂಗಳು ಬರುತ್ತೆ ಅಂತ ಮಾಲೀಕ ಸೋಮಸುಂದರಂ ಹೇಳಿದ ಆ ತಿಂಗಳು ಇನ್ನೂ ಯಾವ ಕ್ಯಾಲೆಂಡರಿನಲ್ಲೂ ಕಾಣಿಸಿರಲಿಲ್ಲ.

ಆ ಸೀಮೆಯ ಕನ್ನಡ ಮನೆಗಳಲ್ಲಿ ಒಂದು ಅಭ್ಯಾಸವಿದೆ. ಬೀದಿಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ಎಲ್ಲರದೂ ತಮಿಳು. ಎದುರಿಗಿರುವವರ ಬಗ್ಗೆ ಎದುರಿಗೇ ಏನಾದರೂ ಅನ್ನಬೇಕಾದಾಗ ಮಾತ್ರ ಮನೆಯ ಕನ್ನಡ ಹೊರಗೆ ಬರುತ್ತದೆ. ಯಾರಿಗೆ ಅರ್ಥವಾಗುತ್ತೆ ಎಂಬ ಧೈರ್ಯ. ಕೃತ್ತಿಕಾಳೂ ಮುಖ ಆ ಕಡೆ ತಿರುಗಿಸಿ ಗೊಣಗಿದಳು.

"ಮೊಕ ನೋಡು. ಕೋಳಿಗೂಡಿಂದ ಎದ್ದು ಬಂದೋನಂಗೆ ಕೂತವ್ನೆ. ಇವ್ನ ಕೈಗೆ ಸಿಕ್ತಲ್ಲ ನನ್ ಪುಸ್ತಕ..."

ಯುವಕ ತಲೆಯೆತ್ತಿದ.

"ಕೋಳಿಗೂಡಿಂದಾನೇ ಬಂದಿದ್ದುಂಗ," ಅಂದ, ಮಾತಿನ ಕೊನೆಗೆ ಆ ಸೀಮೆಯ ಮರ್ಯಾದೆಯ 'ಉಂಗ' ಸೇರಿಸಿ, ಅಪ್ಪಟ ಮನೆಗನ್ನಡದಲ್ಲಿ. "ಪಲ್ಲಡಂ ನಮ್ದು. ಅಪ್ಪಂಗೆ ಕೋಳಿ ಫಾರಂ ಇದೆ. ಮೊಕದಲ್ಲೇ ಕಾಣ್ತದೆ ಅಂತ ಇವತ್ತೇ ತಿಳಿದಿದ್ದು."

ಕೃತ್ತಿಕಾಳಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅವನೋ, ಆ ಚರಕದ ಚೆಲುವೆಯನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದ.

"ನನ್ನ ಹೆಸರು ವಿಮಲ್. ಒಳಗಿನ ಪುಟ ಇವತ್ತು ರಾತ್ರಿಯಿಂದ ಓದ್ತೀನಿ. ಸರಿಂಗಳಾ?"

ಸರಿ ಅನ್ನದೆ ಅವಳು ಏನು ತಾನೇ ಮಾಡಿಯಾಳು?

*

ಅವನು ಓದಿದ. ನಿಜವಾಗಿಯೂ ಓದಿದ!

ಹಾಳೆಗಳ ಅಂಚಿನಲ್ಲಿ ಹಸಿರು ಶಾಯಿಯ ಸಣ್ಣ ಸಣ್ಣ ಟಿಪ್ಪಣಿ ಬರೆದು ಒಂದೊಂದೇ ಅಧ್ಯಾಯ ವಾಪಸ್ ಕಳಿಸತೊಡಗಿದ. 'ಇಲ್ಲಿ ಪಂಡಿತರ ಮಾತು ಸಾಕು, ಅಮ್ಮನ ಮಾತು ತನ್ನಿ.' 'ಈ ಪ್ಯಾರಾ ನಿದ್ದೆ ಬರಿಸುತ್ತೆ, ಕ್ಷಮಿಸಿ.' ಇನ್ನೊಂದು ಕಡೆ, 'ಇದನ್ನ ಓದ್ತಾ ನನ್ನ ಟೀ ಆರಿಹೋಯ್ತು. ಒಂದು ಅಕ್ಷರವೂ ಮುಟ್ಟಬೇಡಿ.'

ಆ ಕೊನೆಯದನ್ನು ಕೃತ್ತಿಕಾ ಎಷ್ಟು ಸಲ ಓದಿದಳೋ ಅವಳಿಗೇ ಲೆಕ್ಕವಿಲ್ಲ. ಒಬ್ಬ ಸಂಪಾದಕನ ಟಿಪ್ಪಣಿಗೆ ಇಷ್ಟು ಬೀಗುತ್ತಾರಾ ಎಂದು ತನ್ನನ್ನೇ ಬೈದುಕೊಂಡು, ಮತ್ತೆ ಓದುತ್ತಿದ್ದಳು.

ಒಂದು ಭಾನುವಾರ ಅವನು ಕರುಮತ್ತಂಪಟ್ಟಿಗೇ ಬಂದ. ಪಾವು ಸೇರಿಸುವುದನ್ನು ಕಣ್ಣಲ್ಲಿ ನೋಡದೆ ಆ ಅಧ್ಯಾಯ ತಿದ್ದುವುದಿಲ್ಲವಂತೆ. ವಳ್ಳಿಯಮ್ಮ ಅವನನ್ನು ಮಗ್ಗದ ಹಿಂದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಅವನು ಹೊಸೆದ ಎಳೆಗಳೆಲ್ಲ ಬಿಚ್ಚಿಹೋದವು.

"ಬೂದಿ ತೊಟ್ಕೋ ಕಣ್ಣು, ನೂಲು ಜಾರ್ತದೆ," ಅಂತ ವಳ್ಳಿಯಮ್ಮ ಬೂದಿಯ ಡಬ್ಬಿಯನ್ನು ಅವನ ಕಡೆ ತಳ್ಳಿದಳು. ತೊಟ್ಕೋ ಅಂದರೆ ಬೆರಳಿಗೆ ಹಚ್ಚಿಕೋ; ಕಣ್ಣು ಅನ್ನುವುದು ಆ ಕಡೆಯ ಮುದ್ದಿನ ಮಾತು. ಹೆತ್ತ ಮಕ್ಕಳಿಗೆ, ತೀರ ಹತ್ತಿರದವರಿಗೆ ಮಾತ್ರ.

ವಿಮಲ್ ಬೆರಳಿಗೆ ಬೂದಿ ಹಚ್ಚಿಕೊಂಡು ಮತ್ತೆ ಹೊಸೆದ. "ಅಮ್ಮಾ, ಹಳೇ ನೂಲನ್ನ ಪೂರಾ ಬಿಚ್ಚಿ ಹೊಸದು ಹಾಕ್ಬಾರ್ದಾ?"

"ಪೂರಾ ಬಿಚ್ಚಿದ್ರೆ ಇದನ್ನ ಎಲ್ಲಿಗೆ ಸೇರಿಸ್ತೀಯಪ್ಪಾ? ಎಷ್ಟು ಅವಸರ ಇದ್ರೂ ತುದಿ ಬಿಟ್ಟೇ ಕತ್ತರಿಸೋದು."

ಆ ಸಂಜೆ ಕೃತ್ತಿಕಾ ಪುಸ್ತಕದ 'ಕೃತಜ್ಞತೆ' ಪುಟ ಬರೆಯಲು ಕೂತಳು. ಮೊದಲು ಸಂಶೋಧನೆಯ ಗೈಡ್, ಆಮೇಲೆ ಕಾಲೇಜು, ಗ್ರಂಥಾಲಯ, ಆಮೇಲೆ ಪ್ರಕಾಶಕರು, ಕಟ್ಟಕಡೆಗೆ ಮನೆಯವರು. ಎಲ್ಲರೂ ಬರೆಯುವ ಕ್ರಮ ಅದೇ. ಪ್ರಕಾಶಕರ ಸಾಲಿಗೆ ಬಂದಾಗ ಪೆನ್ನು ನಿಂತಿತು. 'ಸಂಪಾದಕ ವಿಮಲ್ ಅವರಿಗೆ' ಎಂದು ಬರೆದಳು. ತೀರ ಒಣಕಲು. 'ಹಸಿರು ಶಾಯಿಯ ವಿಮಲ್ ಅವರಿಗೆ' ಎಂದು ಬರೆದಳು. ಅಯ್ಯೋ, ಇದನ್ನ ಕಾಲೇಜಿನ ಹುಡುಗಿಯರು ಓದಿದರೆ ಅಷ್ಟೇ!

ಪುಸ್ತಕ ಬರೆಯುವಾಗಲೂ ಅವಳು ಇಷ್ಟು ಹೊಡೆದು ಹಾಕಿರಲಿಲ್ಲ.

*

ಇಷ್ಟರಲ್ಲಿ ಕಲೈಸೆಲ್ವಿ ಬಂದಳು.

ಅವಳೂ ಅಧ್ಯಾಪಕಿ, ಪತ್ರಿಕೆಗಳಲ್ಲಿ ಬರೆದು ಹೆಸರು ಮಾಡಿದವಳು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಹುಡುಗಿಯರ ಬಗ್ಗೆ ಅವಳು ಬರೆದ ಪುಸ್ತಕವನ್ನು ಅದೇ ಪ್ರಕಾಶಕರು ನಾಲ್ಕೇ ತಿಂಗಳಲ್ಲಿ ಅಚ್ಚು ಹಾಕಿದ್ದರು. ಸೋಮಸುಂದರಂ ತಮ್ಮ ಲೇಖಕರನ್ನೆಲ್ಲ ಬಿಡುಗಡೆಗೆ ಕರೆದಿದ್ದರು. ಎರಡು ವರ್ಷದಿಂದ ಕಾಯುತ್ತಿದ್ದವಳನ್ನೂ ಕರೆದರಲ್ಲ, ಅವರ ಧೈರ್ಯ ಮೆಚ್ಚಬೇಕು.

ತಿರುಪ್ಪೂರಿನ ಆ ಸಭಾಂಗಣದಲ್ಲಿ ಕೃತ್ತಿಕಾ ಹಿಂದಿನ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಕಲೈಸೆಲ್ವಿ. ಗುಂಗುರು ಕೂದಲು, ಹತ್ತಿ ಸೀರೆ, ಇಡೀ ಸಭೆಯನ್ನೇ ನಗಿಸುವ ಮಾತು. ಪಕ್ಕದಲ್ಲಿ ವಿಮಲ್. ಅವಳು ಸಹಿ ಹಾಕಲು ಪೆನ್ನಿಗೆ ತಡಕಾಡಿದಾಗ ಅವನು ತನ್ನ ಜೇಬಿನಿಂದ ಪೆನ್ನು ತೆಗೆದುಕೊಟ್ಟ.

ಹಸಿರು ಪೆನ್ನು.

ಕೃತ್ತಿಕಾ ಬಾಗಿಲಲ್ಲಿ ಕೊಟ್ಟಿದ್ದ ಕಲೈಸೆಲ್ವಿಯ ಪುಸ್ತಕ ತೆರೆದಳು. ನೇರವಾಗಿ ಕೃತಜ್ಞತೆಯ ಪುಟಕ್ಕೇ ಹೋದಳು. ಅಚ್ಚಿನವರು, ಮುಖಪುಟದವರು, ಅವರ ನಡುವೆ ಒಂದು ವಾಕ್ಯ: 'ವಿಮಲ್ ಇಲ್ಲದಿದ್ದರೆ ಈ ಪುಸ್ತಕವಿಲ್ಲ.'

ನಾನು ವಾರಗಟ್ಟಲೆ ತಡಕಾಡಿದ ವಾಕ್ಯವನ್ನ ಇವಳು ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದಾಳೆ... ಅವಳ ಹಾಳೆಗಳ ಅಂಚಲ್ಲೂ ಹಾಗೇ ಬರೆದನಾ? ಅವಳ ಪುಟ ಓದುವಾಗಲೂ ಟೀ ಆರಿಹೋಯ್ತಾ?

ಚಪ್ಪಾಳೆ ಬಿದ್ದಾಗ ಅವಳೂ ತಟ್ಟಿದಳು. ಕೈ ಉರಿಯುವಷ್ಟು ಜೋರಾಗಿಯೇ ತಟ್ಟಿದಳು.

ಮಾರನೇ ದಿನ ಸೋಮಸುಂದರಂ ಫೋನ್ ಮಾಡಿದರು. "ನಿಮ್ಮ ಪುಸ್ತಕಕ್ಕೆ ಓದುಗರು ಸಿಗ್ತಾರಾ ಅಂತ ನಂಗೆ ಅನುಮಾನ ಮೇಡಂ. ಒಬ್ಬ ತಜ್ಞರ ಹತ್ರ ಕಳಿಸಿದ್ದೀವಿ. ಅವರು ಸರಿ ಅಂದರೆ ನೋಡೋಣ. ಹೆಸರು ಹೇಳೋ ಹಾಗಿಲ್ಲ, ನಿಮಗೆ ಗೊತ್ತೇ ಇದೆಯಲ್ಲ."

ಗೊತ್ತಿತ್ತು. ಓದಿ ಅಭಿಪ್ರಾಯ ಕೊಡುವವರ ಹೆಸರು ಬರೆದವರಿಗೆ ತಿಳಿಯಬಾರದು. ಚೆನ್ನೈನಲ್ಲಿ ಯಾವುದೋ ಫ್ಯಾನಿನ ಕೆಳಗೆ ಕೂತು ತೂಕಡಿಸುತ್ತಿರುವ ನಿವೃತ್ತ ಮುದುಕನೊಬ್ಬನನ್ನು ಕೃತ್ತಿಕಾ ಕಲ್ಪಿಸಿಕೊಂಡಳು. ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಅವನನ್ನು ಬೈಯುವುದು ರೂಢಿಯಾಯಿತು.

ವಿಮಲ್‌ನ ಮೇಲ್‌ಗಳೂ ಚಿಕ್ಕವಾದವು. 'ಸ್ವಲ್ಪ ಕಾಯಿರಿ.' ಅಷ್ಟೇ. ಹಸಿರು ಶಾಯಿಯಿಲ್ಲ, ತಮಾಷೆಯಿಲ್ಲ.

*

ತಿರುಪ್ಪೂರಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸವಿತ್ತು. ಮಧ್ಯಾಹ್ನ ತಲೆನೋವು ತಡೆಯಲಾರದೆ ಕೃತ್ತಿಕಾ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಬೇಕರಿಗೆ ಹೋದಳು. ಟೀ ಹೇಳಿ ತಿರುಗಿದರೆ, ಕಂಬದ ಆಚೆಯ ಮೇಜಿನಲ್ಲಿ ವಿಮಲ್.

ಅವನೆದುರಿಗೆ ಕಲೈಸೆಲ್ವಿ. ನಡುವೆ ಒಂದು ತೆಂಗಿನಕಾಯಿ ಬನ್ನು, ಒಂದು ಕಟ್ಟು ಹಾಳೆ. ಹಾಳೆಗಳ ಅಂಚಿನಲ್ಲಿ ಹಸಿರು ಶಾಯಿ.

ಇವಳ ಎರಡನೇ ಪುಸ್ತಕವೂ ಶುರುವಾಯಿತಾ? ನನ್ನ ಮೊದಲನೆಯದಕ್ಕೇ ಗತಿಯಿಲ್ಲ...

ಹೋಗಿ ಮಾತಾಡಿಸಬೇಕು ಎಂದುಕೊಂಡಳು. ಆಗ ವಿಮಲ್‌ನ ದನಿ ಕೇಳಿಸಿತು. ಕನ್ನಡದಲ್ಲಿ, ಬಿಡಿಸಿ ಬಿಡಿಸಿ, ನಗುತ್ತ ಹೇಳುತ್ತಿದ್ದ.

"ಬೂದಿ ತೊಟ್ಕೋ ಕಣ್ಣು, ನೂಲು ಜಾರ್ತದೆ."

ಕಲೈಸೆಲ್ವಿ ತೊದಲುತ್ತ ಅದನ್ನೇ ಅಂದಳು. ಇಬ್ಬರೂ ನಕ್ಕರು.

ಟೀ ಕೈಯಲ್ಲೇ ಉಳಿಯಿತು. ಕೃತ್ತಿಕಾಳ ಮೈಯೆಲ್ಲ ಉರಿದುಹೋಯಿತು, ಆಮೇಲೆ ಅಳು ಬಂತು. ಅದು ನನ್ನ ಅಮ್ಮನ ಮಾತು. ನಮ್ಮ ಮಗ್ಗದ ಹಿಂದೆ, ನಮ್ಮಮ್ಮನ ಪಕ್ಕ ಕೂತು ಇವನು ಕೇಳಿಸಿಕೊಂಡ ಮಾತು. ಅದನ್ನ ತಂದು ಇವಳ ಬಾಯಿಗೆ ಹಾಕ್ತಿದ್ದಾನೆ. ನನ್ನ ಜೊತೆ ಮಾತಾಡೋ ಭಾಷೆಯನ್ನೂ ಇವಳಿಗೇ ಕೊಟ್ಟುಬಿಟ್ಟನಾ...

ಟೀ ಕುಡಿಯದೆ ಹೊರಗೆ ಬಂದಳು.

ಮಾರನೇ ದಿನ ಪ್ರಕಾಶನದ ಮೆಟ್ಟಿಲ ಹತ್ತಿರವೇ ಅವನನ್ನು ತಡೆದಳು.

"ನಿನ್ನೆ ಮಧ್ಯಾಹ್ನ ತಿರುಪ್ಪೂರಲ್ಲಿ ಏನ್ ಕೆಲಸ?"

ವಿಮಲ್‌ನ ಮುಖ ಒಂದು ಕ್ಷಣ ಬದಲಾಯಿತು. "ಆಫೀಸ್ ಕೆಲಸ."

"ಆ ಹಾಳೆಗಳು ಯಾರದು?"

"ಹೇಳೋಕಾಗಲ್ಲಂಗ."

"ಹೇಳೋಕಾಗಲ್ವಾ, ಹೇಳೋಕೆ ಇಷ್ಟ ಇಲ್ವಾ?"

"ಕೃತ್ತಿಕಾ... ಸೊಲ್ಪ ದಿನ ನನ್ನ ನಂಬ್ತೀರಾ? ಅಷ್ಟೇ ಕೇಳ್ತೀನಿ."

ನಂಬಬಹುದಿತ್ತು. ಅವನ ಕಣ್ಣಲ್ಲಿ ಕಳ್ಳತನವೇನೂ ಇರಲಿಲ್ಲ, ಸಂಕಟ ಮಾತ್ರ ಇತ್ತು. ಆದರೆ ಹೊಟ್ಟೆಕಿಚ್ಚು ಹೊತ್ತಿಕೊಂಡವರಿಗೆ ಎದುರಿನವರ ಕಣ್ಣು ಎಲ್ಲಿ ಕಾಣುತ್ತದೆ?

ಮನೆಗೆ ಹೋಗುವ ಬಸ್ಸಿನಲ್ಲೇ ಮೊಬೈಲಿನಲ್ಲಿ ಮೇಲ್ ಬರೆದಳು. 'ನನ್ನ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.' ಸೂಲೂರು ದಾಟುವಷ್ಟರಲ್ಲಿ ಕಳಿಸಿಯೂ ಆಯಿತು. ಕರುಮತ್ತಂಪಟ್ಟಿಯಲ್ಲಿ ಇಳಿದಾಗ, ಗೆದ್ದ ಖುಷಿ ಎಲ್ಲೂ ಇಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯ. ಮನೆಗೆ ಬಂದು ಕೃತಜ್ಞತೆಯ ಪುಟ ತೆಗೆದು ಅವನ ಹೆಸರಿನ ಮೇಲೆ ಗೀಟು ಎಳೆದಳು. ಒಂದೇ ಗೀಟು ಸಾಕಾಗಿತ್ತು. ಹಾಳೆ ಹರಿಯುವವರೆಗೆ ಎಳೆದಳು.

"ಪುಸ್ತಕ ಏನಾಯ್ತು ಕಣ್ಣು?" ಎಂದಳು ವಳ್ಳಿಯಮ್ಮ.

"ವಾಪಸ್ ತಗೊಂಡೆ."

"ಓದಕ್ಕೆ ಬರದಿದ್ರೂ ಕೈಲಿ ಹಿಡ್ಕೊಂಡು ನೋಡೋಣ ಅಂತಿದ್ದೆ," ಎಂದು ವಳ್ಳಿಯಮ್ಮ ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

*

ಭಾನುವಾರ. ಮಗ್ಗಗಳಿಗೆ ರಜೆ, ಇಡೀ ಬೀದಿಯೇ ನಿಶ್ಶಬ್ದ. ವಳ್ಳಿಯಮ್ಮ ಮಾತ್ರ ಸೋಮವಾರಕ್ಕೆ ಬೇಕೆಂದು ಪಾವು ಸೇರಿಸುತ್ತ ಕೂತಿದ್ದಳು. ಕೃತ್ತಿಕಾ ಕಾಪಿ ಲೋಟ ಹಿಡಿದು ಶೆಡ್ಡಿಗೆ ಬಂದರೆ, ಅಮ್ಮನ ಪಕ್ಕದಲ್ಲಿ ವಿಮಲ್. ಬೆರಳಲ್ಲಿ ಬೂದಿ, ತೊಡೆಯ ಮೇಲೆ ಅವಳ ಹಸ್ತಪ್ರತಿಯ ಕಟ್ಟು.

"ವಾಪಸ್ ಕೊಡೋಕೆ ಬಂದ್ರಾ?"

"ಕೊಡೋಕೂ ಬಂದೆ. ಹೇಳೋಕೂ ಬಂದೆ." ಅವನು ಎದ್ದು ನಿಂತ. "ನೀವು ವಾಪಸ್ ತಗೊಂಡ್ರಿ. ಇನ್ನು ಮೇಲೆ ಓದಿದವರ ಹೆಸರು ಹೇಳಬಾರದು ಅನ್ನೋ ನಿಯಮ ನನ್ನ ಬಾಯಿ ಕಟ್ಟಲ್ಲ. ಬೇಕರಿಯಲ್ಲಿದ್ದ ಹಾಳೆ ನಿಮ್ದೇ."

"ನಂದಾ?"

"ಪಾವು ಸೇರಿಸೋ ಹೆಂಗಸರ ಕತೆ ಯಾರಿಗೆ ಬೇಕು ಅಂತ ಮಾಲೀಕರು ಹಟ ಹಿಡಿದಿದ್ರು. ದೊಡ್ಡ ಹೆಸರಿನವರು ಯಾರಾದ್ರೂ ಓದಿ ಹೇಳ್ಲಿ, ಒಪ್ತೀನಿ ಅಂದ್ರು. ನಾನು ಕಲೈಸೆಲ್ವಿ ಹತ್ರ ಹೋಗಿ ಕೇಳ್ಕೊಂಡೆ. ಆಯಮ್ಮಂಗೆ ಕನ್ನಡ ಬರಲ್ಲ. ನಿಮ್ಮಮ್ಮನ ಮಾತೆಲ್ಲ ನೀವು ಕನ್ನಡದಲ್ಲೇ ಬಿಟ್ಟಿದ್ದೀರಿ. ಒಂದೊಂದೂ ಹೇಳ್ಕೊಟ್ಟೆ. ಬಾಯಲ್ಲಿ ಹೇಳಿ ನೋಡ್ದೆ ಅಭಿಪ್ರಾಯ ಬರೆಯಲ್ಲ ಅಂತ ಕೂತಿದ್ರು."

ಕೃತ್ತಿಕಾ ಕಾಪಿ ಲೋಟವನ್ನು ಕೆಳಗಿಟ್ಟಳು. ಹಾಗಾದರೆ ಆ ಚೆನ್ನೈನ ಮುದುಕ...

"ಮುದುಕ ಅಲ್ವಾ?" ಎಂದಳು ಸಣ್ಣ ದನಿಯಲ್ಲಿ. ಈ ಸಲದ ಸಣ್ಣ ದನಿಗೆ ಯಾರೂ ಹೆದರಬೇಕಾಗಿರಲಿಲ್ಲ.

"ಯಾವ ಮುದುಕ?"

"ಯಾರೂ ಇಲ್ಲ. ಏನಂತ ಬರೆದ್ರು?"

"ಅಚ್ಚು ಹಾಕದಿದ್ರೆ ತನ್ನ ಮುಂದಿನ ಪುಸ್ತಕ ಈ ಕಡೆ ಬರಲ್ಲ ಅಂತ ಬರೆದ್ರು. ಆದ್ರೆ ಅವರ ಕಾಗದ ಬಂದಿದ್ದು ನಿಮ್ಮ ಮೇಲ್ ಬಂದ ಮಾರನೇ ದಿನ. ಅಷ್ಟರಲ್ಲಿ ಈ ವರ್ಷದ ಪುಸ್ತಕಗಳಲ್ಲಿ ನಿಮ್ಮ ಜಾಗ ಬೇರೆಯವರಿಗೆ ಹೋಗಿಬಿಟ್ಟಿತ್ತು."

ಅವನ ದನಿಯಲ್ಲಿ ಮೊದಲ ಸಲ ಕೋಪವಿತ್ತು. "ನನ್ನ ಬೈದಿದ್ರೆ ಸರಿ ಇತ್ತು. ಹೊಡೆದಿದ್ರೂ ಸರಿ. ತುದಿ ಬಿಡದೆ ಕತ್ತರಿಸಿಬಿಟ್ರಿ, ಕೃತ್ತಿಕಾ."

ಅವಳು ಕಂಬಕ್ಕೆ ಒರಗಿದಳು. ಸುಳ್ಳು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಬೇಡ ಅನಿಸಿತು.

"ನಂಗೆ ಹೊಟ್ಟೆಕಿಚ್ಚು ಬಂತು. ಅವರ ಪುಸ್ತಕದ ಮೇಲೆ... ಆಮೇಲೆ ನಿಮ್ಮ ಪೆನ್ನಿನ ಮೇಲೆ. ನೀವು ಅವರನ್ನ ಕಣ್ಣು ಅಂದ್ರಲ್ಲ, ಆಗ ನನ್ನ ಜೀವಾನೇ ಹೋಯ್ತು. ಅಮ್ಮನ ಮಾತು ಅಂತ ಗೊತ್ತಿದ್ದೂ ಹೋಯ್ತು."

ವಿಮಲ್ ಬೆರಳಿನ ಬೂದಿ ಒರೆಸಿಕೊಂಡ. ಕೋಪ ಎಲ್ಲಿ ಹೋಯಿತೋ, ತುಟಿ ಸ್ವಲ್ಪ ಅರಳಿತು.

"ನಂಗೂ ಬಂದಿತ್ತುಂಗ."

"ಯಾರ ಮೇಲೆ?"

"ಕಲೈಸೆಲ್ವಿ ಮೇಲೆ. ನಾನು ಟೀ ಆರಿಸ್ಕೊಂಡು ಓದಿದ ಪುಟ ಅದು. ಅದನ್ನ ಇನ್ನೊಬ್ಬರು ಓದಿ ನಗೋವಾಗ, ಕಿತ್ಕೊಂಡು ಓಡಿಬಿಡೋಣ ಅನಿಸ್ತು."

ಕೃತ್ತಿಕಾಳಿಗೆ ನಗು ಬಂತು, ಅಳುವೂ ಜೊತೆಗೇ ಬಂತು. ಮಗ್ಗದ ಹಿಂದೆ ವಳ್ಳಿಯಮ್ಮ ಏನೂ ಕೇಳಿಸದವಳ ಹಾಗೆ ನೂಲು ಹೊಸೆಯುತ್ತಿದ್ದಳು. ಆ ನಿಶ್ಶಬ್ದದಲ್ಲಿ ಅವಳಿಗೆ ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ, ಅದು ಬೇರೆ ಮಾತು.

"ಮುಂದಿನ ವರ್ಷಕ್ಕೆ ಮಾಲೀಕರು ಒಪ್ಪಿದ್ದಾರೆ. ನೀವು ಸರಿ ಅಂದ್ರೆ," ಎಂದ ವಿಮಲ್. "ಹೆಸರು ಮುಚ್ಚಿಡೋ ಕೆಲಸ ಇನ್ನಿಲ್ಲ ಅಂತ ಕಲೈಸೆಲ್ವಿನೇ ಮುನ್ನುಡಿ ಬರೀತಾರಂತೆ."

"ಬರೀಲಿ." ಕೃತ್ತಿಕಾ ಕಣ್ಣೊರೆಸಿಕೊಂಡಳು. "ಚಿಕ್ಕದಾಗಿ ಬರೀಲಿ."

ಅವಳು ಒಳಗೆ ಹೋಗಿ ಮನೆಯಲ್ಲಿದ್ದ ಬಿಡಿ ಹಾಳೆಗಳನ್ನೆಲ್ಲ ತಂದು ಅವನ ಕೈಗಿಟ್ಟಳು. ಕೊಟ್ಟ ಮೇಲೆ ನೆನಪಾಯಿತು. ಅಷ್ಟರಲ್ಲಿ ತಡವಾಗಿತ್ತು. ಅವನು ಕೃತಜ್ಞತೆಯ ಪುಟವನ್ನೇ ಮೇಲೆ ಹಿಡಿದು ಹರಿದ ಜಾಗದ ಮೂಲಕ ಅವಳನ್ನು ನೋಡುತ್ತಿದ್ದ.

"ಇಲ್ಲಿ ಯಾರದೋ ಹೆಸರಿತ್ತು. ಪಾಪ, ಏನ್ ತಪ್ಪು ಮಾಡಿದ್ನೋ."

"ಮತ್ತೆ ಬರೀತೀನಿ. ಕೊಡಿ."

"ಬೇಡ. ಹೊಡೆದು ಹಾಕಿದ್ದೇ ಸರಿ." ಅವನು ಜೇಬಿನಿಂದ ಹಸಿರು ಪೆನ್ನು ತೆಗೆದ. "ಅಚ್ಚಿನವರು, ಮುಖಪುಟದವರು, ಅವರ ನಡುವೆ ಕಲೈಸೆಲ್ವಿ ಪುಸ್ತಕದಲ್ಲಿ ಇದ್ದೀನಲ್ಲ, ಅಷ್ಟು ಸಾಕು. ನಿಮ್ಮ ಪುಸ್ತಕದಲ್ಲಿ ಅಲ್ಲಿ ಬೇಡ."

ಹರಿದ ಜಾಗದಿಂದ ಒಂದು ಬಾಣದ ಗೆರೆ ಎಳೆದ. ಗೆರೆ ಪುಟದುದ್ದಕ್ಕೂ ಕೆಳಗಿಳಿದು ಕೊನೆಯ ಸಾಲಿಗೆ ಬಂದು, ಅಮ್ಮ ವಳ್ಳಿಯಮ್ಮನ ಹೆಸರಿನ ಪಕ್ಕದಲ್ಲಿ ನಿಂತಿತು.

ಕೃತ್ತಿಕಾ ಆ ಗೆರೆಯನ್ನೇ ನೋಡಿದಳು.

"ಅದು ಮನೆಯವರ ಸಾಲು," ಎಂದಳು.

"ಗೊತ್ತುಂಗ. ಸಂಪಾದಕ ಅಲ್ವಾ, ಕ್ರಮ ಗೊತ್ತು."

"ನಿಮ್ಮಪ್ಪ ಏನಂತಾರೆ?"

"ಅಪ್ಪ ಕೋಳಿಗಳ ಜೊತೆ ಬಿಟ್ರೆ ಯಾರ ಜೊತೆಗೂ ಜಗಳ ಆಡಲ್ಲ. ನೀವು ಏನಂತೀರಿ?"

ಅವಳು ಅಮ್ಮನ ಕಡೆ ನೋಡಿದಳು. ವಳ್ಳಿಯಮ್ಮ ತಲೆಯೆತ್ತದೆ ಸ್ವಲ್ಪ ಸರಿದು ಕೂತು ಪಕ್ಕದಲ್ಲಿ ಇಬ್ಬರಿಗೆ ಜಾಗ ಮಾಡಿದಳು.

"ಪುಸ್ತಕ ಬರೋಕೆ ಇನ್ನೂ ಒಂದು ವರ್ಷ ಅಂದ್ರಲ್ಲ," ಎಂದಳು ಕೃತ್ತಿಕಾ.

"ಹೂಂ."

"ಅಷ್ಟರಲ್ಲಿ ಆ ಸಾಲನ್ನ ನಿಜ ಮಾಡಿಬಿಡಿ. ಅಚ್ಚಾದ ಮೇಲೆ ತಿದ್ದೋಕಾಗಲ್ಲ."

ವಿಮಲ್ ಪೆನ್ನು ಜೇಬಿಗಿಟ್ಟು ಮಗ್ಗದ ಹಿಂದೆ ಕೂತ. ಒಂದು ಎಳೆ ಹಿಡಿದು ಹೊಸೆದ, ಅದು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು.

ಕೃತ್ತಿಕಾ ಅವನ ಪಕ್ಕದಲ್ಲಿ ಕೂತು ಬೂದಿಯ ಡಬ್ಬಿಯನ್ನು ಅವನ ಕಡೆ ಸರಿಸಿದಳು.

"ಬೂದಿ ತೊಟ್ಕೋ ಕಣ್ಣು," ಎಂದಳು ಮೆಲ್ಲಗೆ. "ನೂಲು ಜಾರ್ತದೆ."